ನಾನೂರರಲ್ಲಿ ಒಂದು ಕೆಂಪು ಚುಕ್ಕೆ

ಲಿಂಬಿಕಾನಿ,

ನೀನು ಸತ್ತು ಎರಡು ವರ್ಷವಾಯಿತು. ಬೈಯೋಣವೆಂದರೂ ಕೈಗೆ ಸಿಗುವುದಿಲ್ಲ. ಆದರೂ ಇವತ್ತು ನಡೆದದ್ದನ್ನು ನಿನಗೇ ಹೇಳಬೇಕು.

ಶೀರೆ ನದಿಯ ದಡದ ನಾನೂರು ಹಳ್ಳಿಗಳನ್ನು ಒಂದೊಂದಾಗಿ ಪರೀಕ್ಷಿಸಿದರೆ, ಏನೂ ಇಲ್ಲದಿದ್ದರೂ ಬರೀ ಆಕಸ್ಮಿಕವಾಗಿ ಇಪ್ಪತ್ತು ಹಳ್ಳಿಗಳಲ್ಲಿ ಕ್ಯಾನ್ಸರ್ ಹೆಚ್ಚಿದಂತೆ ಕಾಣುತ್ತದೆ, ಲೆಕ್ಕದಲ್ಲಿ ಆ ತಪ್ಪನ್ನು ತಿದ್ದಿಯೇ ನಮ್ಮಿಬ್ಬರ ವರದಿ ಕೊಡೋಣ ಎಂದು ನಾನು ಹೇಳಿದ್ದೆ.

"ತಿದ್ದುತ್ತಾ ಕೂತ್ರೆ ನಕ್ಷೇಲಿ ಒಂದು ಕೆಂಪು ಚುಕ್ಕೆನೂ ಉಳಿಯಲ್ಲ ಕಣೇ. ಆಮೇಲೆ ಯಾರು ಓದ್ತಾರೆ?" ಎಂದು ನೀನು ನಕ್ಕೆ. ಆ ನಗು ನೆನೆದರೆ ಈಗಲೂ ಮೈ ಉರಿಯುತ್ತದೆ.

ತಿದ್ದದ ವರದಿಯೇ ಹೋಯಿತು; ನಕ್ಷೆಯಲ್ಲಿ ಚಿಫುಂಡೋ ಹಳ್ಳಿ ಕೆಂಪಾಯಿತು. ನೀರೇ ಕಾರಣವೆಂದು ಅಲ್ಲಿನ ಬೋರ್‌ವೆಲ್ಲಿಗೆ ಬೀಗ ಬಿತ್ತು.

ನಾನು ತಿದ್ದಿ ಮಾಡಿದ ಹೊಸ ಲೆಕ್ಕದಲ್ಲಿ ಅಲ್ಲಿ ಕಾಯಿಲೆ ಹೆಚ್ಚಿಲ್ಲ, ಪರೀಕ್ಷಿಸಿದರೆ ನೀರೂ ಶುದ್ಧ. ಬೆಳಿಗ್ಗೆ ನಾನೇ ಹೋಗಿ ಬೀಗ ತೆಗೆಸಿದೆ. ಒಬ್ಬಳೂ ಬಕೆಟ್ ತರಲಿಲ್ಲ. ಫಲೇಸಿ ಎಂಬಾಕೆ ಮಾತ್ರ ಮುಂದೆ ಬಂದಳು. ಬೋರ್‌ವೆಲ್ ಮುಚ್ಚಿದ ಮೇಲೆ ನೀರಿಗೆಂದು ನದಿಗೆ ಹೋದ ಅವಳ ಮಗಳನ್ನು ಮೊಸಳೆ ಎಳೆದುಕೊಂಡು ಹೋಗಿತ್ತು.

"ಆವತ್ತು ವಿಷ ಅಂದ್ರಿ, ಇವತ್ತು ಒಳ್ಳೇ ನೀರು ಅಂತೀರಿ. ಮೊದ್ಲು ನೀವು ಕುಡೀರಿ ಅಮ್ಮಾ."

ಎಲ್ಲರೂ ನೋಡುತ್ತಿದ್ದಂತೆ ಬೊಗಸೆ ತುಂಬ ಕುಡಿದೆ.

"ನೀರು ವಿಷ ಅಂತ ಆ ಕಾಗದ ಬರೆದೋರು ಯಾರು?" ಎಂದಳು ಫಲೇಸಿ.

ನಿನ್ನ ಹೆಸರು ಹೇಳಿದೆ. ವರದಿಯ ಕೆಳಗೆ ನನ್ನ ಸಹಿಯೂ ಇತ್ತೆಂದು ಹೇಳಲಿಲ್ಲ.

ತಡಾಲ