ಮೊಣಕಾಲೆತ್ತರದ ಚಪ್ಪರ

ಸೀತಾಂಗೋಳಿ
೨೪-೮-೨೦೧೪

ಪ್ರೀತಿಯ ಶ್ರೀರಂಜಿನಿ,

ನೀನು ಧಾರವಾಡದಿಂದ ಕಳಿಸಿದ ಕವಿತೆಗಳ ಪುಸ್ತಕ ತಲುಪಿ ತಿಂಗಳಾಯಿತು. ಉತ್ತರಿಸದಿದ್ದುದಕ್ಕೆ ಬೈಯಬೇಡ. ಎಂ.ಎ. ಓದುವಾಗಿನಿಂದ ನನ್ನ ಮಾತನ್ನು ನಗದೆ ಕೇಳಿದವಳು ನೀನೊಬ್ಬಳೇ. ಈ ಸಲವೂ ನಗಬೇಡ. ಆಟಿ ತಿಂಗಳಲ್ಲಿ ನಮ್ಮ ಯಶ್ಮಿತಾಳ ಮದುವೆಯಾಯಿತು.

ಹನ್ನೊಂದು ತಿಂಗಳಿಗೇ ತೀರಿಹೋದವಳಿಗೆ ಎಂಥ ಮದುವೆ ಎನ್ನುವೆ. ನಮ್ಮ ತುಳುವರಲ್ಲಿ ಸತ್ತ ಮಕ್ಕಳೂ ಆ ಕಡೆ ಬೆಳೆಯುತ್ತಾರೆ. ವಯಸ್ಸಿಗೆ ಬಂದರೆ ಅವರಿಗೂ ಸಂಬಂಧ ನೋಡುವುದುಂಟು. ಪುತ್ತಿಗೆಯಿಂದ ಸುಂದರಿ ಎಂಬವರು ಬಂದರು. ಎಳವೆಯಲ್ಲೇ ತೀರಿಕೊಂಡ ಅವರ ಮಗ ಭವಿತ್‌ಗೆ ಹುಡುಗಿ ಬೇಕಿತ್ತು. "ನಿಮ್ಮ ಮಗಳನ್ನು ಚೆಂದ ನೋಡಿಕೊಳ್ತೇವೆ ಅಕ್ಕಾ" ಎಂದರು, ಹುಡುಗಿ ಈಗ ಕಾಫಿ ತರುತ್ತಾಳೇನೋ ಎಂಬಂತೆ ಒಳಗೆ ನೋಡುತ್ತ.

ನನಗೆ ಬೇಡವಾಗಿತ್ತು. ಇಷ್ಟು ವರ್ಷವೂ ಮುಸ್ಸಂಜೆ ನಾನು ಪುಸ್ತಕ ಹಿಡಿದು ಕೂತರೆ, ಸೆರಗಿನ ತುದಿಯನ್ನು ಯಾರೋ ಹಿಡಿದು ಎದ್ದು ನಿಲ್ಲಲು ನೋಡುತ್ತಿದ್ದರು. ಗಾಳಿಯಲ್ಲ, ಗಾಳಿ ಬಿಟ್ಟುಬಿಡುತ್ತದೆ, ಇದು ಹಿಡಿದುಕೊಳ್ಳುತ್ತಿತ್ತು. ಮದುವೆ ಮಾಡಿದರೆ ಅವಳು ಆ ಮನೆಯವಳಾಗುತ್ತಾಳೆ. ಇವರಿಗೆ, ಜಯಪಾಲರಿಗೆ, ಮೊದಲ ಸಲ ಇದನ್ನು ಹೇಳಿದೆ.

"ಅವಳಿಗೆ ಇಪ್ಪತ್ತೊಂದು ಆಯ್ತು ಮಾರಾಯ್ತಿ. ಇನ್ನೂ ನಿನ್ನ ಸೆರಗು ಹಿಡ್ಕೊಂಡೇ ಇರ್ಬೇಕಾ?" ಎಂದರು. ದೆವ್ವ ಭೂತ ಎಂದರೆ ನಗುವ ಮನುಷ್ಯ!

ಇವರ ಕೆಲಸ ನಿನಗೆ ಗೊತ್ತಲ್ಲ, ಶಾಲೆಯಂಗಳಕ್ಕೆ, ಪೆಟ್ರೋಲ್ ಬಂಕಿಗೆ ಬಿಸಿಲು ಮಳೆ ತಡೆಯುವ ಬಿಗಿದ ಬಟ್ಟೆಯ ಮಾಡು ಕಟ್ಟುವುದು. ಪ್ರತಿಯೊಂದಕ್ಕೂ ಮೊದಲು ಪುಟ್ಟ ಮಾದರಿ ಮಾಡುತ್ತಾರೆ: ಹಲಗೆಯ ಮೇಲೆ ಕಡ್ಡಿಗಳ ಕಂಬ, ನೂಲಿನ ಹಗ್ಗ, ಹಿಗ್ಗುವ ಬನಿಯನ್ ಬಟ್ಟೆ. ಟೇಬಲ್ ಫ್ಯಾನಿನ ಗಾಳಿ ಬಿಡುತ್ತಾರೆ, ಮರಳಿನ ಪೊಟ್ಟಣ ಇಡುತ್ತಾರೆ, ನೀರು ಚಿಮುಕಿಸಿ ಎಲ್ಲಿ ನಿಲ್ಲುತ್ತದೆಂದು ನೋಡುತ್ತಾರೆ. ಮದುವೆಗೂ ಒಂದು ಕಟ್ಟಿದರು, ಬೆಳ್ಳಗೆ, ಮೊಣಕಾಲೆತ್ತರಕ್ಕೆ.

"ಮಾದರಿ ಆಯ್ತು, ಚಪ್ಪರ ಯಾವಾಗ ಅಣ್ಣಾ?" ಎಂದು ಸುಂದರಿ ಕೇಳಿದರು.

"ಇದೇ ಚಪ್ಪರ. ಮದುಮಕ್ಕಳು ಗೇಣುದ್ದದ ಗೊಂಬೆಗಳಲ್ವಾ?"

ಫ್ಯಾನಿಗೆ ಅದು ಜಗ್ಗಲಿಲ್ಲ. ನೀರು ಚಿಮುಕಿಸಿದಾಗ ಮಾತ್ರ ಒಂದು ಕಡೆ ಕಡಲೆಯಷ್ಟು ಹೊಂಡ ಬಿತ್ತು. ಬಿಚ್ಚಿ ಬೇರೆ ಬಟ್ಟೆ ಬಿಗಿದರು. ಹೊಂಡ ನಾನು ನಿಂತ ಕಡೆಗೆ ಸರಿಯಿತು. ನಾನು ಸುತ್ತಿ ಆಚೆ ಬದಿಗೆ ಹೋದೆ. ಮತ್ತೆ ಬಟ್ಟೆ ಬದಲಿಸಿದಾಗ ಹೊಂಡವೂ ಆಚೆ ಬದಿಗೆ. ಇವರು ಬಗ್ಗಿ ಅಡಿಯಿಂದ ನೋಡಿದರು.

"ಇದು ಭಾರಕ್ಕೆ ಇಳಿದದ್ದಲ್ಲ ಲೋಲಾ" ಎಂದರು ಮೆಲ್ಲಗೆ. "ಅಡಿಯಿಂದ ಎಳೆದ ಹಾಗೆ ಉಂಟು."

ಮತ್ತೆ ಬಿಚ್ಚಲಿಲ್ಲ. ಹೊಂಡದಿಂದ ಒಂದು ನೂಲು ಕೆಳಗಿಳಿಸಿ ತುದಿಯನ್ನು ನನ್ನ ಕೈಗೆ ಕೊಟ್ಟರು. "ಹಿಡ್ಕೋ." ಹಿಡಿದೆ. ಅದೇ ಎಳೆತ, ರಂಜಿನಿ, ನನಗೆ ಗೊತ್ತಿದ್ದ ಅದೇ ಸಣ್ಣ ಎಳೆತ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ.

"ಈಗ ಬಿಡು" ಎಂದರು.

ಬಿಟ್ಟೆ. ಅವರು ಅದನ್ನು ಹಲಗೆಗೆ ಗಂಟು ಹಾಕಿದರು.

ಬೆಳ್ಳಿಯ ಗೊಂಬೆಗಳಿಗೆ ಧಾರೆಯಾಯಿತು. ಸುಂದರಿ ಸೊಸೆಯನ್ನು ರೇಷ್ಮೆಯ ತುಂಡಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಜೀಪು ಹತ್ತಿದರು. ಅಂದಿನಿಂದ ನನ್ನ ಸೆರಗು ನೆಟ್ಟಗೆ ಇಳಿಬಿದ್ದಿದೆ. ನೀನು ಕಳಿಸಿದ ಪುಸ್ತಕವನ್ನು ಈಗ ಯಾವ ಅಡ್ಡಿಯೂ ಇಲ್ಲದೆ ಓದುತ್ತೇನೆ.

ನಿನ್ನ ಮಕ್ಕಳು ಇದ್ದಲ್ಲಿ ತಣ್ಣಗಿರಲಿ. ಮನೆಗೆ ಬಂದಾಗ ಅವರ ತಲೆಯ ಮೇಲೆ ನನ್ನ ಪರವಾಗಿಯೂ ಒಮ್ಮೆ ಕೈಯಿಡು.

ನಿನ್ನ
ಲೋಲಾಕ್ಷಿ

ತಾ.ಕ.: ನಿನ್ನೆ ಸುಂದರಿ ಫೋನ್ ಮಾಡಿದ್ದರು. ತುಂಬ ಖುಷಿಯಲ್ಲಿದ್ದರು. ದೀಪ ಹಚ್ಚುವ ಹೊತ್ತಿಗೆ ಅವರ ಅಡುಗೆಮನೆಯಲ್ಲಿ ಯಾರೋ ಕರೆಯುತ್ತಾರಂತೆ. "ನಿಮ್ಮ ಮಗಳು ನನ್ನನ್ನು ಅತ್ತೆ ಅಂತ ಕರೆಯುವುದೇ ಇಲ್ಲ ಅಕ್ಕಾ, ಅಮ್ಮ ಅಂತಾಳೆ!" ಒಳ್ಳೆಯದಾಯಿತು ಎಂದೆ. ನಮ್ಮಲ್ಲಿ ಅವಳಿಗೆ ಇನ್ನೂ ಮಾತು ಬಂದಿರಲಿಲ್ಲ. ಫೋನ್ ಇಡುವ ಮೊದಲು ತಡೆಯಲಾಗದೆ, ದನಿ ಹೇಗುಂಟು ಎಂದು ಕೇಳಿದೆ.