ಹಳದಿ ಅಂಗಿಯವರು ಸೋತ ವರ್ಷ

ಪ್ರೀತಿಯ ಅಳಿಯಂದಿರಿಗೆ,

ನಾನು ಸುಖವಾಗಿ ಮನೆ ಸೇರಿದೆ ಎಂದು ಮಗಳು ಹೇಳಿರುತ್ತಾಳೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ನಿಜ. ಆದರೆ ಫೋನು ಕೈಗೆ ಬಂದರೆ ಸಾಕು, ನಾವಿಬ್ಬರೂ ಮತ್ತೆ ಹಳೆಯ ಹಾಗೆ "ಊಟ ಆಯ್ತಾ?" "ಆಯ್ತು ಅತ್ತೆ, ನಿಮ್ದು?" ಎಂದು ಎರಡು ಮಾತಾಡಿ ಅವಳ ಕೈಗೆ ದಾಟಿಸಿಬಿಡುತ್ತೇವೆ. ಅದಕ್ಕೇ ಈ ಕಾಗದ. ಓಡುವ ಬಸ್ಸಿನಲ್ಲಿ ನಿಂತು ಬರೆದು ಬರೆದು ರೂಢಿಯಾದ ಕಂಡಕ್ಟರ್ ಕೈ ಇದು. ಅಕ್ಷರ ಸ್ವಲ್ಪ ವಾಲುತ್ತದೆ, ಸಾವಕಾಶವಾಗಿ ಓದಿ. ಹೇಗೂ ಕನ್ನಡಕದಂಗಡಿಯವರು ನೀವು, ಕಣ್ಣಿಗೇನು ಬರ!

ನಿಮ್ಮ ಮದುವೆಯಾದ ಮೇಲಿನ ಆರು ವರ್ಷದಲ್ಲಿ ನಾವಿಬ್ಬರೂ ಆಡಿದ ಮಾತನ್ನೆಲ್ಲ ಒಂದು ಟಿಕೆಟ್ಟಿನ ಹಿಂದೆ ಬರೆದುಬಿಡಬಹುದಿತ್ತು. ನಿಮ್ಮ ಮೇಲೆ ನನಗೆ ದೂರೇನೂ ಇರಲಿಲ್ಲ. ನೀವು ಸ್ವಭಾವತಃ ಮಿತಭಾಷಿ, ನಾನು ಬಾಯಿಬಡುಕಿ. ಇಂಥ ಅಳಿಯನ ಎದುರು ಬಾಯಿಬಿಟ್ಟರೆ ಎಲ್ಲಿ ಹೆಚ್ಚಾಗುತ್ತದೋ ಎಂದು ನಾನೂ ತುಟಿ ಹೊಲಿದುಕೊಂಡು ಕೂರುತ್ತಿದ್ದೆ. ಕಳೆದ ಆಗಸ್ಟಿನಲ್ಲಿ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡು, ಪ್ಲಾಸ್ಟರ್ ಸಮೇತ ನಿಮ್ಮ ಮನೆಗೆ ಬಂದಾಗ ನನ್ನ ಎದೆಯಲ್ಲಿದ್ದದ್ದು ಕಾಲಿನ ನೋವಿಗಿಂತ ಇದೇ ಚಿಂತೆ. ಮಗಳಿಗೆ ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ಡ್ಯೂಟಿ; ಶನಿವಾರ, ಭಾನುವಾರವೂ ಬಿಡುವಿಲ್ಲ. ಆ ಸಂಜೆಗಳನ್ನು ಈ ಮನುಷ್ಯನ ಜೊತೆ ಹೇಗೆ ಕಳೆಯಲಿ ದೇವರೇ ಎಂದುಕೊಂಡಿದ್ದೆ.

ಮೊದಲ ಶನಿವಾರವೇ ನೀವು ಟಿವಿ ಹಾಕಿದಿರಿ. ಯಾವುದೋ ದೂರದ ದೇಶದ ಫುಟ್‌ಬಾಲ್. ಹಸಿರು ಮೈದಾನ, ಹಳದಿ ಅಂಗಿಯ ಹನ್ನೊಂದು ಜನ, ಬಿಳಿ ಅಂಗಿಯ ಹನ್ನೊಂದು ಜನ, ಸುತ್ತ ಸಾವಿರಾರು ಮಂದಿ ಬಾಯಿ ಅಗಲಿಸಿಕೊಂಡು ಕೂಗುತ್ತಿದ್ದಾರೆ, ಕೋಣೆಯಲ್ಲಿ ಮಾತ್ರ ಫ್ಯಾನಿನ ಸದ್ದು. ಮುದುಕಿಗೆ ತೊಂದರೆಯಾಗದಿರಲೆಂದು ಸೌಂಡು ತೆಗೆದಿದ್ದೀರಿ ಎಂದು ತಿಳಿದು, "ಪರವಾಗಿಲ್ಲ, ಸೌಂಡ್ ಹಾಕ್ಕೊಳ್ಳಿ" ಎಂದೆ. "ಬೇಡ ಅತ್ತೆ, ಹೀಗೇ ಇರಲಿ" ಎಂದಿರಿ. ಆಮೇಲೆ ಮಗಳು ನನ್ನ ತಲೆ ಬಾಚುತ್ತಾ ಹೇಳಿದಳು: "ಮಾವ ಇದ್ದಾಗ ಟಿವಿಗಿಂತ ಜೋರಾಗಿ ಅವರೇ ಮಾತಾಡೋರು ಅಮ್ಮ. ಚೆಂಡು ಎಲ್ಲಿ ಹೋಯ್ತು, ಯಾರು ಒದ್ದ, ಎಲ್ಲಾ ಹೇಳೋರು. ಅವರು ಹೋದ ಮೇಲೆ ಇವರು ಸೌಂಡೇ ಹಾಕಲ್ಲ." ಬೀಗರನ್ನು ನಾನು ಮದುವೆಯಲ್ಲಿ ಕಂಡದ್ದೇ ಹೆಚ್ಚು. ತಾಯಿಯಿಲ್ಲದ ಮಗನನ್ನು ಒಬ್ಬರೇ ಬೆಳೆಸಿದವರು ಎಂದಷ್ಟೇ ಗೊತ್ತಿತ್ತು. ಅವರು ಹೋಗಿ ಆಗಲೇ ಒಂದು ವರ್ಷ ದಾಟಿತ್ತು. ಅಷ್ಟು ದಿನದಿಂದ ನೀವು ಒಬ್ಬರೇ ಆ ಕುರ್ಚಿಯಲ್ಲಿ ಮೂಕ ಆಟ ನೋಡುತ್ತಿದ್ದಿರಿ ಎಂದು ನನಗೆ ಆಗ ತಿಳಿಯಿತು.

ನಾನು ಎರಡು ಮೂರು ವಾರ ತಡೆದುಕೊಂಡೆ. ಇನ್ನು ಸಾಧ್ಯವಾಗಲಿಲ್ಲ. ಅವತ್ತು ಹಳದಿಯವರೆಲ್ಲ ತಮ್ಮ ಗೋಲಿನ ಮುಂದೆಯೇ ಗುಂಪು ಕಟ್ಟಿ ನಿಂತಿದ್ದರು. ಮುಂದೆ ಅರ್ಧ ಮೈದಾನ ಖಾಲಿ. ಮೂವತ್ತು ವರ್ಷದ ಕಂಡಕ್ಟರ್ ಗಂಟಲು ತಾನಾಗಿಯೇ ತೆರೆದುಕೊಂಡಿತು: "ಮುಂದೆ ಹೋಗ್ರೀ, ಮುಂದೆ ಜಾಗ ಇದೆ! ಬಾಗಿಲಲ್ಲೇ ಯಾಕ್ರೀ ನಿಲ್ತೀರಾ!"

ನೀವು ನನ್ನ ಕಡೆ ತಿರುಗಿ ನೋಡಿದಿರಿ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಆಮೇಲೆ ನೀವು ನಕ್ಕಿರಿ ನೋಡಿ, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು! ಆರು ವರ್ಷದಲ್ಲಿ ನಿಮಗೆ ಅಷ್ಟು ಹಲ್ಲಿದೆಯೆಂದೇ ನನಗೆ ಗೊತ್ತಿರಲಿಲ್ಲ. "ಹೇಳಿ ಅತ್ತೆ, ನಿಲ್ಲಿಸಬೇಡಿ" ಎಂದಿರಿ. ಅಲ್ಲಿಂದ ನನ್ನನ್ನು ಹಿಡಿಯುವವರೇ ಇರಲಿಲ್ಲ. ಯಾರಾದರೂ ಓಡಿದರೆ "ರೈಟ್, ರೈಟ್!" ಯಾರಾದರೂ ಬಿದ್ದರೆ "ಹೋಲ್ಡಾನ್! ಇಳಿಯೋರು ಇದ್ದಾರೆ!"

ಚೆಂಡಿಗಿಂತ ಮುಂಚೆಯೇ ಎದುರಾಳಿಗಳನ್ನು ದಾಟಿ ನಿಲ್ಲುವ ಆ ಆಫ್‌ಸೈಡ್ ಎಂಬ ತಪ್ಪನ್ನು ತಿಳಿಸಲು ನೀವು ಪಟ್ಟ ಪಾಡು ನೆನೆದರೆ ಈಗಲೂ ನಗು. ಮೇಜಿನ ಮೇಲೆ ಖಾಲಿ ಕನ್ನಡಕದ ಡಬ್ಬಿಗಳನ್ನು ಸಾಲಾಗಿ ಇಟ್ಟು, ಕಪ್ಪು ಡಬ್ಬಿ ನಮ್ಮವರು, ಕಂದು ಡಬ್ಬಿ ಅವರು, ಚೆಂಡಿನ ಬದಲು ಒಂದು ಅಂಗಿಯ ಗುಂಡಿ. ಎಷ್ಟು ಸಲ ಹೇಳಿದರೂ ನನ್ನ ತಲೆಗೆ ಹತ್ತಲಿಲ್ಲ. ಕೊನೆಗೆ, "ಅಂದ್ರೆ ಬಸ್ಸು ನಿಲ್ಲೋಕೆ ಮುಂಚೆನೇ ಸ್ಟಾಪಿಗೆ ಹಾರಿದವನು ಅನ್ನಿ" ಎಂದೆ. "ಹೂಂ ಅತ್ತೆ, ಅದೇ! ಹೆಚ್ಚು ಕಡಿಮೆ ಅದೇ!" ಎಂದು ನೀವು ಡಬ್ಬಿಗಳನ್ನೆಲ್ಲ ಒಟ್ಟಿಗೆ ಬಾಚಿಕೊಂಡಿರಿ.

ಒಂದೇ ವಿಷಯದಲ್ಲಿ ನಮಗೆ ಹೊಂದಲಿಲ್ಲ, ರೆಫರಿ. "ಕಣ್ಣು ಕಾಣಲ್ವಾ ಇವನಿಗೆ? ನಮ್ಮ ಅಂಗಡಿಗೆ ಬರಲಿ, ಪುಕ್ಕಟೆ ಕನ್ನಡಕ ಕೊಡ್ತೀನಿ" ಎಂದು ನೀವು. ನನಗೋ ಆ ಸೀಟಿಯವನನ್ನು ಕಂಡರೆ ಅಯ್ಯೋ ಎನಿಸುತ್ತಿತ್ತು. ತುಂಬಿದ ಬಸ್ಸಿನಲ್ಲಿ ನಾನೂ ಹಾಗೆಯೇ ಒಬ್ಬಳೇ ನಿಂತವಳು. "ಇಷ್ಟು ಜನ ಒಟ್ಟಿಗೆ ಮೇಲೆ ಬಿದ್ರೆ ಪಾಪ ಅವನಾದ್ರೂ ಏನ್ಮಾಡ್ತಾನೆ?" ಎಂದು ನಾನೂ ದನಿ ಏರಿಸುತ್ತಿದ್ದೆ. ಒಂದು ಭಾನುವಾರ ಮಗಳು ಬೇಗ ಬಂದವಳು ಚಪ್ಪಲಿ ಕೈಯಲ್ಲೇ ಹಿಡಿದು ಬಾಗಿಲಲ್ಲಿ ಗಾಬರಿಯಿಂದ ನಿಂತಿದ್ದಳು. "ಇದೇನು, ನೀವಿಬ್ಬರೂ ಜಗಳ ಆಡ್ತಿದ್ದೀರಾ?" "ಇಲ್ಲ ಕಣೇ, ಪೆನಾಲ್ಟಿ ಬಗ್ಗೆ ಮಾತಾಡ್ತಿದ್ದೀವಿ" ಎಂದೆ. ಅವಳು ಅಡುಗೆಮನೆಗೆ ಹೋಗಿ ನೀರಿನ ನಲ್ಲಿ ಬಿಟ್ಟುಕೊಂಡು ನಿಂತಳು. ಅತ್ತಳೋ ನಕ್ಕಳೋ ನಾನು ಕೇಳಲಿಲ್ಲ.

ಪ್ಲಾಸ್ಟರ್ ಬಿಚ್ಚಿ ತಿಂಗಳುಗಳೇ ಕಳೆದವು. ನಾನು ಹೊರಡುವ ಮಾತೆತ್ತಲಿಲ್ಲ, ನೀವೂ ಎತ್ತಲಿಲ್ಲ. ಅಷ್ಟು ಹೊತ್ತಿಗೆ ನಮ್ಮ ಹಳದಿಯವರ ಸ್ಥಿತಿ ನೋಡಲಾಗುತ್ತಿರಲಿಲ್ಲ. ಬರೀ ಸೋಲು. ಪಟ್ಟಿಯಲ್ಲಿ ಕೊನೆಯ ಮೂರು ತಂಡಗಳು ಕೆಳಗಿನ ದರ್ಜೆಗೆ ಬೀಳುತ್ತವೆ ಎಂದು ನೀವು ಹೇಳಿದ ದಿನದಿಂದ ನನಗೆ ಬೆಳಗ್ಗೆ ಎದ್ದರೆ ಅದೇ ಧ್ಯಾನ. ಮೇ ತಿಂಗಳ ಕೊನೆಯ ಪಂದ್ಯದಲ್ಲಿ ಸಮ ಮಾಡಿಕೊಂಡಿದ್ದರೂ ಉಳಿಯುತ್ತಿದ್ದರು. ಇನ್ನೇನು ಮುಗಿಯಿತು ಎನ್ನುವಾಗ ಆ ಹಾಳು ಗೋಲು! ನಮ್ಮ ಹುಡುಗರು ಹುಲ್ಲಿನ ಮೇಲೆ ಕುಸಿದು ಕೂತರು. ನಿಮ್ಮ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಅವತ್ತೇ ನೀವು ಬಾಯಿಬಿಟ್ಟಿರಿ. ಬೀಗರು ಹರೆಯದಲ್ಲಿ ಹಡಗಿಗೆ ಬಣ್ಣ ಬಳಿಯುವ ಕೆಲಸಕ್ಕೆಂದು ಹಳದಿಯವರ ಊರಾದ ಆ ದೂರದ ಬಂದರಿಗೆ ಹೋಗಿ ಒಂದು ಚಳಿಗಾಲ ಇದ್ದದ್ದು. ಟಿಕೆಟ್ಟಿಗೆ ಕಾಸಿಲ್ಲದೆ ಮೈದಾನದ ಪಕ್ಕದ ಗೋದಾಮಿನ ಮಾಡಿನ ಮೇಲೆ ಕೂತು ಹಳದಿಯವರ ಆಟ ನೋಡಿದ್ದು. ಪಕ್ಕದಲ್ಲಿ ಕೂತ, ಇವರ ಭಾಷೆ ಬಾರದ ಬಣ್ಣದ ಕೆಲಸಗಾರರು ಇವರ ಭುಜ ಹಿಡಿದು ಕುಣಿದದ್ದು. "ಅಲ್ಲಿ ನನ್ನನ್ನ ಮನುಷ್ಯ ಅಂತ ಮೊದಲು ಮುಟ್ಟಿದೋರು ಅವರು ಅನ್ನೋರು ಅಪ್ಪ" ಎಂದಿರಿ. "ಅಪ್ಪ ಇದ್ದಿದ್ರೆ ಇವತ್ತು ಊಟ ಬಿಡೋರು." ನಾನು ಎದ್ದು ಎರಡು ತಟ್ಟೆ ಹಾಕಿದೆ. "ಅವರ ಪಾಲಿಂದೂ ಸೇರಿಸಿ ನೀವೇ ಉಣ್ಣಿ" ಎಂದೆ. ನೀವು ತಲೆ ತಗ್ಗಿಸಿಕೊಂಡು ಉಂಡಿರಿ, ಎರಡನೇ ಸಲ ಸಾರನ್ನೂ ಹಾಕಿಸಿಕೊಂಡಿರಿ. ನನಗೆ ನೆಮ್ಮದಿಯಾಯಿತು.

ಜೂನಿನಲ್ಲಿ ವಿಶ್ವಕಪ್ ಬಂತು. ಆ ಪುಟ್ಟ ದ್ವೀಪದ ತಂಡವನ್ನು ನಾನು ನನ್ನದು ಎಂದುಕೊಂಡದ್ದಕ್ಕೆ ಕಾರಣ ಅವರ ಗೋಲ್‌ಕೀಪರ್, ಗಡ್ಡ ನರೆತಿದ್ದ ಆ "ಅಜ್ಜ". ಕ್ವಾರ್ಟರ್ ಫೈನಲ್ ದಿನ ಪಕ್ಕದ ಮನೆಯವರೂ ಬಂದಿದ್ದರು, ಮಗಳಿಗೂ ರಜೆ. ಜನ ಸೇರಿದ್ದರಿಂದ ನೀವು ಸೌಂಡು ಹಾಕಿದ್ದಿರಿ. ಆಟ ಸಮವಾಗಿ ಮುಗಿದು ಪೆನಾಲ್ಟಿಯವರೆಗೆ ಹೋಯಿತು, ಇನ್ನು ಒಬ್ಬೊಬ್ಬರೇ ಬಂದು ಒದೆಯಬೇಕು ಎಂದಾಗ "ನಾನು ನೋಡಲ್ಲಪ್ಪ" ಎಂದು ಗೋಡೆಯ ಕಡೆ ತಿರುಗಿ ಕೂತೆ.

ಆಗ ನಿಮ್ಮ ದನಿ ಬಂತು. "ಅತ್ತೆ, ಅವರ ನಂಬರ್ ಹತ್ತು ಬಂದ. ಚೆಂಡು ಇಟ್ಟ. ಹಿಂದೆ ಹೋಗ್ತಿದಾನೆ, ಇನ್ನೂ ಹಿಂದೆ... ನಿಮ್ಮ ಅಜ್ಜ ಕೈ ಅಗಲ ಮಾಡಿದಾನೆ, ಒಂದು ಬಾಗಿಲು ಪೂರ್ತಿ ಮುಚ್ಚೋ ಹಂಗೆ ನಿಂತಿದಾನೆ. ಓಡಿದ, ಒದ್ದ... ಹಿಡಿದಾ ಅತ್ತೆ! ಅಜ್ಜ ಹಿಡಿದಾ!" ಒಂದಾದ ಮೇಲೆ ಒಂದು, ಎಲ್ಲವನ್ನೂ ಹೇಳಿದಿರಿ. ಯಾವಾಗಲೋ ಪಕ್ಕದ ಮನೆಯವರು ಟಿವಿಯ ಸೌಂಡು ಇಳಿಸಿಬಿಟ್ಟಿದ್ದರು, ನಿಮ್ಮ ಮಾತು ಕೇಳಲೆಂದು. ಕೊನೆಗೆ ನಾವು ಗೆದ್ದೆವು. ಮಗಳು ನನ್ನ ಭುಜಕ್ಕೆ ಒರಗಿ, "ಥೇಟ್ ಮಾವನ ಹಂಗೇ ಅಮ್ಮ" ಎಂದು ಪಿಸುಗುಟ್ಟಿದಳು. ಮುಂದಿನ ಪಂದ್ಯದಲ್ಲಿ ನಮ್ಮ ಅಜ್ಜ ನಾಲ್ಕು ಗೋಲು ತಿಂದ, ಇರಲಿ ಬಿಡಿ.

ವಿಶ್ವಕಪ್ ಮುಗಿಯಿತು, ನನ್ನ ಮನೆ ನೆನಪಾಯಿತು. ಬೀಗ ಹಾಕಿದ ಮನೆ ವರ್ಷ ಕಳೆಯಬಾರದು ಎಂದು ಹೊರಟೆ. ಬಸ್ ನಿಲ್ದಾಣದಲ್ಲಿ ಚೀಲ ಮೇಲಿಟ್ಟು, ಕಿಟಕಿಯ ಕೆಳಗೆ ನಿಂತು, ನನ್ನ ಮುಖ ನೋಡದೆ ನೀವು ಅಂದಿರಿ: "ಅತ್ತೆ, ತಂಡಗಳು ಹೊಸಬರನ್ನ ಸೇರಿಸಿಕೊಳ್ಳೋಕೆ ಆಗಸ್ಟ್ ಕೊನೇವರೆಗೂ ಟೈಮ್ ಇರುತ್ತೆ." ಇದೇನು ಹೊರಡುವ ಹೊತ್ತಿನಲ್ಲಿ ಆಟದ ಸುದ್ದಿ ಎಂದು ತಲೆಯಾಡಿಸಿದೆ. ಎರಡು ಸ್ಟಾಪು ದಾಟಿದ ಮೇಲೆ, ಆ ಹೊಸಬಳು ನಾನೇ ಎಂದು ನನ್ನ ಮಂದ ಬುದ್ಧಿಗೆ ಹೊಳೆಯಿತು. ಪಕ್ಕದ ಸೀಟಿನ ಹೆಂಗಸು, "ಯಾಕಮ್ಮಾ ಒಬ್ಬರೇ ನಗ್ತಿದ್ದೀರಾ?" ಎಂದು ಕೇಳಿದಳು.

ಇಲ್ಲಿ ಎಲ್ಲ ಚೆನ್ನಾಗಿದೆ. ಮನೆ ಗುಡಿಸಿದೆ, ಹಾಸಿಗೆ ಬಿಸಿಲಿಗೆ ಹಾಕಿದೆ, ಡಿಪೋದ ಹಳೆಯ ಗೆಳತಿಯರು ಬಂದು ಹೋದರು. ಮೊನ್ನೆ ಟಿವಿಯಲ್ಲಿ ಯಾವುದೋ ಎರಡು ತಂಡಗಳ ಪಂದ್ಯ. ಮೂಲೆಯಿಂದ ತೇಲಿ ಬಂದ ಚೆಂಡನ್ನು ಒಬ್ಬ ಗಾಳಿಯಲ್ಲೇ ತಿರುಗಿ ಒದ್ದ, ಅಂಥ ಗೋಲು ಇಡೀ ವರ್ಷ ನಾವು ನೋಡಿಲ್ಲ. ತಡೆಯಲಾರದೆ ಹೊರಗೆ ಓಡಿ, ಬಟ್ಟೆ ಒಣಗಿಸುತ್ತಿದ್ದ ಪಕ್ಕದ ಮನೆಯಾಕೆಗೆ, "ಎಂಥಾ ಗೋಲು ಗೊತ್ತಾ!" ಎಂದೆ. "ಯಾವ ಗೋಲು?" ಎಂದಳು. ಮೊದಲಿನಿಂದ ಹೇಳಿಕೊಡುವ ತಾಳ್ಮೆ ನನಗಿರಲಿಲ್ಲ. ಒಳಗೆ ಬಂದು ಕಾಗದ ಹುಡುಕಿದೆ.

ಶುಕ್ರವಾರ ಬರುತ್ತಿದ್ದೇನೆ, ಇರುವುದಕ್ಕೇ ಬರುತ್ತಿದ್ದೇನೆ. ಈ ಮನೆಯನ್ನು ನಮ್ಮ ಡಿಪೋಗೆ ಹೊಸದಾಗಿ ಸೇರಿದ ಹುಡುಗಿ ಒಬ್ಬಳು ತನ್ನ ತಾಯಿಯ ಜೊತೆ ಇದ್ದು ನೋಡಿಕೊಳ್ಳುತ್ತಾಳೆ. ನನಗೆ ಬೀದಿಯ ಕಡೆಯ ಕಿಟಕಿಯ ಮಂಚ ಸಾಕು. ಬೆಳಗಿನ ಚಹಾ ಮಾತ್ರ ನಾನೇ ಮಾಡುವವಳು. ನಿಮ್ಮ ಚಹಾ ಕುಡಿಯುವುದಕ್ಕಿಂತ ಅದರಲ್ಲಿ ಕನ್ನಡಕ ತೊಳೆಯುವುದು ಮೇಲು. ಶನಿವಾರ ಹಳದಿಯವರ ಹೊಸ ಸೀಸನ್ನಿನ ಮೊದಲ ಪಂದ್ಯ. ಕೆಳಗಿನ ದರ್ಜೆಯ ಆಟ ಟಿವಿಯಲ್ಲಿ ಬರುವುದಿಲ್ಲ, ನಿಮ್ಮ ಫೋನಿನಲ್ಲೇ ನೋಡಬೇಕು ಎಂದು ಮಗಳು ಹೇಳಿದಳು. ಅಂಗೈಯಷ್ಟು ಪರದೆಯಾದರೇನಂತೆ, ಹತ್ತಿರ ಹತ್ತಿರ ಕೂತರಾಯಿತು.

ನಿಮ್ಮ ಕಣ್ಣು ತಂಪಾಗಿರಲಿ, ನಿಮ್ಮಿಬ್ಬರ ಮನೆಯಲ್ಲಿ ಮಾತು ಬತ್ತದಿರಲಿ, ನಮ್ಮ ಹುಡುಗರು ಬೇಗ ಮೇಲೆ ಬರಲಿ ಎಂದು ಹರಸುವ,

ನಿಮ್ಮ ಅತ್ತೆ