ಬಾರದ ಮಿನಿಬಸ್ಸಿನ ಬಗ್ಗೆ ಎರಡು ಸಾಲು ಬರೆದುಕೊಡಿ

ದಿನಕ್ಕೊಂದು ಮೇಲ್ ತಪ್ಪದೆ ಕಳಿಸುವ ಸಾರ್ವಜನಿಕ ಸಂಪರ್ಕ ಸಂಸ್ಥೆಯ ಮುಖ್ಯಸ್ಥರೇ,

ನಿಮ್ಮ ಕಚೇರಿಯಿಂದ ನನಗೆ ಎರಡು ಸಾಲಿನ ಪತ್ರವೊಂದು ಬೇಕಾಗಿದೆ. ನಾಡಿದ್ದು ಶನಿವಾರ ಸಂಜೆ ನಾಲ್ಕರೊಳಗೆ. ಅದಕ್ಕಾಗಿ ಸೋಮವಾರದಿಂದ ಒಂಬತ್ತು ಮೇಲ್ ಬರೆದೆ, ಐದು ಸಲ ಫೋನ್ ಮಾಡಿದೆ. ನಾನು ಕೇಳದೇ ಇದ್ದಾಗ ಏಳು ತಿಂಗಳಲ್ಲಿ ಇನ್ನೂರಕ್ಕೂ ಹೆಚ್ಚು ಮೇಲ್ ಕಳಿಸಿದ ನೀವು, ನಾನು ಕೇಳಿದ್ದಕ್ಕೆ ಮಾತ್ರ ಒಂದು ಉತ್ತರವನ್ನೂ ಕಳಿಸಲಿಲ್ಲ. ಅದಕ್ಕೇ ಇದನ್ನು ಎಲ್ಲರೂ ಓದುವ ಹಾಗೆ ನನ್ನ ಬ್ಲಾಗಿನಲ್ಲೇ ಹಾಕುತ್ತಿದ್ದೇನೆ. ದೊಡ್ಡವರಿಗೆ ಹೀಗೆ ಬರೆಯಬಹುದೋ ಬಾರದೋ, ನಿಜಕ್ಕೂ ಗೊತ್ತಿಲ್ಲ. ಭಯವಂತೂ ಆಗುತ್ತಿದೆ.

ನೀವು ನನ್ನ ಬ್ಲಾಗನ್ನು ಒಮ್ಮೆಯೂ ತೆರೆದಿಲ್ಲವೆಂದು ಮಾತ್ರ ಧೈರ್ಯವಾಗಿ ಹೇಳಬಲ್ಲೆ. ಅದರಲ್ಲಿರುವುದು ಬಸ್ಸಿನ ಟೈಮು, ಅಷ್ಟೇ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಊರುಗಳಿಗೆ ಯಾವ ಬಸ್ಸು ಎಷ್ಟಕ್ಕೆ ಹೊರಡುತ್ತದೆ, ಎಷ್ಟಕ್ಕೆ ನಿಜವಾಗಿ ಬರುತ್ತದೆ. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದ ನಾನು, ರಜೆಗೆ ಊರಿಗೆ ಹೋಗುವಾಗ ತಪ್ಪಿಸಿಕೊಂಡ ಬಸ್ಸುಗಳನ್ನು ಬರೆದಿಡುತ್ತಾ ಇದನ್ನು ಶುರು ಮಾಡಿದೆ. ಯಾರಾದರೂ ಕಣ್ಣಾರೆ ನೋಡದ ಬಸ್ಸನ್ನು ನಾನು ಹಾಕುವುದಿಲ್ಲ. ಕೆ.ಆರ್. ಪೇಟೆಯಲ್ಲಿ ಹೂವು ಮಾರುವ ಮುತ್ತಮ್ಮ, ನಾಗಮಂಗಲದಲ್ಲಿ ಟೀ ಅಂಗಡಿಯ ಕೆಂಪಣ್ಣ ನನ್ನ ಸಾಕ್ಷಿಗಳು. “ಬಂತು ಕಣವ್ವ, ಇಂದ್ಗಡೆ ಗಾಜು ಒಡ್ದೋಗದೆ, ಆದ್ರೂ ಬಂತು” ಎಂದು ಕೆಂಪಣ್ಣ ಫೋನಿನಲ್ಲಿ ಹೇಳಿದ ಮೇಲೇ ಆ ಟೈಮು ಬ್ಲಾಗಿಗೆ ಹೋಗುವುದು. ಇಂಥ ಬ್ಲಾಗಿಗೆ ತಾವು ದಯಪಾಲಿಸಿದ್ದೇನು? ಸ್ವಿಟ್ಜರ್ಲೆಂಡಿನ ರೈಲು ಪಾಸು. ತೂಕ ತಾನೇ ಹೇಳುವ ಸೂಟ್‌ಕೇಸು. ಒಂಟಿಯಾಗಿ ವಿಮಾನ ಹತ್ತುವ ಮಹಿಳೆಯರಿಗಾಗಿ ಮುಖಕ್ಕೆ ಚಿಮುಕಿಸಿಕೊಳ್ಳುವ ಬಾಟಲಿ ಮಂಜು. ಅರಕೆರೆಯಿಂದ ಹಾಲಿನ ಕ್ಯಾನು ಹಿಡಿದು ಹೊರಡುವವರಿಗೆ ಇದರಲ್ಲಿ ಯಾವುದು ಮೊದಲು ಬೇಕೆಂದು ತಮ್ಮ ಅಂದಾಜು?

“ಸ್ಪ್ಯಾಮಿಗೆ ತಳ್ಬುಡು ಕಣೆ. ಅವ್ರೇನು ನಿನ್ ಮಾವನ್ ಮಕ್ಳಾ, ಕೂತ್ಕಂಡು ಉತ್ರ ಬರ್ಯಕ್ಕೆ?” ಎಂದಳು ನನ್ನ ರೂಮ್‌ಮೇಟ್ ಸಹನ. ಬಂದ ಪತ್ರಕ್ಕೆ ಉತ್ತರ ಬರೆಯದಿರುವುದು ಅಹಂಕಾರ ಎಂದು ನಮ್ಮ ವಾರ್ಡನ್ ಕಲಿಸಿದ್ದರಿಂದ ನನಗೆ ಹಾಗೆ ಮಾಡಲಾಗಲಿಲ್ಲ. ಬ್ಲಾಗ್ ಬರೆಯುವವರು ಇಂಥ ಮೇಲ್‌ಗಳನ್ನು ಹೇಗೆ ನಿಭಾಯಿಸಬೇಕೆಂದು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಸಿಟ್ಟಾಗಬೇಡಿ, ನೀವೇನು ಬರೆಯುತ್ತೀರೆಂದು ಸಭ್ಯವಾಗಿ ತಿಳಿಸಿ, ಒಳ್ಳೆಯ ಸಂಬಂಧ ಬೆಳೆಯುತ್ತದೆ ಎಂದಿತ್ತು. ಸಭ್ಯವಾಗಿಯೇ ತಿಳಿಸಿದೆ: ನಾನು ಬರೆಯುವುದು ಹಳ್ಳಿ ಬಸ್ಸುಗಳ ಬಗ್ಗೆ ಮಾತ್ರ. “ನಿಮ್ಮ ಆಸಕ್ತಿಗೆ ಧನ್ಯವಾದ” ಎಂದು ಉತ್ತರ ಬಂತು, ಜೊತೆಗೆ ಗೋವಾದ ವಿಹಾರ ನೌಕೆಯೊಂದರ ಹದಿನಾಲ್ಕು ಫೋಟೋ. ಸಂಬಂಧ ಬೆಳೆಯಿತು, ಒಪ್ಪಿಕೊಳ್ಳುತ್ತೇನೆ.

ಹೀಗಿರುವಾಗ ಹೋದ ಗುರುವಾರ ನಿಮ್ಮಿಂದ ಮೊದಲ ಸಲ ನಮಗೆ ಸಂಬಂಧಪಟ್ಟ ಒಂದು ಮೇಲ್ ಬಂತು. ಅರಕೆರೆಯಿಂದ ಶ್ರೀರಂಗಪಟ್ಟಣ, ಪಾಂಡವಪುರದ ಮೇಲೆ ನಾಗಮಂಗಲಕ್ಕೆ ನೇರ ಮಿನಿಬಸ್. ಸೋಮವಾರದಿಂದ, ಬೆಳಿಗ್ಗೆ ಏಳಕ್ಕೆ. ಮೇಲೆ ದಪ್ಪಕ್ಷರದಲ್ಲಿ ‘ತಕ್ಷಣ ಪ್ರಕಟಣೆಗೆ’. ನೋಟಿಸ್ ಬೋರ್ಡಿನಲ್ಲಿ ಬರೆದಂತೆ ಎದ್ದು, ಉಂಡು, ಮಲಗಿದವಳು ನಾನು. ದಪ್ಪಕ್ಷರ ಕಂಡರೆ ಅದು ಆರ್ಡರು ಅಂತಲೇ ನನ್ನ ಲೆಕ್ಕ. ಇನ್ನೂ ಓಡದ ಬಸ್ಸನ್ನು ಕೆಂಪಣ್ಣ ನೋಡುವುದಾದರೂ ಹೇಗೆ? ಖುಷಿಗೆ ಐದು ನಿಮಿಷದಲ್ಲಿ ಹಾಕಿಬಿಟ್ಟೆ. ಅದು ನನ್ನ ತಪ್ಪು. ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ಅರಕೆರೆಯಲ್ಲಿ ಚೈತ್ರ ಎಂಬ ಹುಡುಗಿ ಅದನ್ನು ಓದಿದಳು. ಸೋಮವಾರ ಹತ್ತು ಗಂಟೆಗೆ ನಾಗಮಂಗಲದ ಕಡೆಯ ಒಂದು ನರ್ಸಿಂಗ್ ಕಾಲೇಜಿನಲ್ಲಿ ಅವಳ ಸಂದರ್ಶನ. ಮೂರು ಬಸ್ಸು ಬದಲಿಸುವ ಬದಲು ನೇರ ಹೋಗೋಣವೆಂದು ತನ್ನ ಅಪ್ಪ ಚಿಕ್ಕಯ್ಯನವರ ಜೊತೆ ಆರು ಗಂಟೆಗೇ ಬಂದು ಸ್ಟಾಪಿನಲ್ಲಿ ನಿಂತಳು. ಎಂಟಾದರೂ ಮಿನಿಬಸ್ಸು ಬರಲಿಲ್ಲ. ಸಿಕ್ಕ ಬಸ್ಸು ಹತ್ತಿ ಇಬ್ಬರೂ ತಲುಪಿದಾಗ ಹನ್ನೆರಡೂಕಾಲು.

“ಆರ್ ಹತ್ತರ ಬಸ್ಸ ಕಣ್ಮುಂದೇನೇ ಬುಟ್ಬುಟ್ಟೊ ಕಣವ್ವ” ಎಂದರು ಚಿಕ್ಕಯ್ಯ, ಬ್ಲಾಗಿನಲ್ಲಿರುವ ನನ್ನ ನಂಬರಿಗೆ ಫೋನ್ ಮಾಡಿ. “ಕಂಡಕ್ಟ್ರು ಅತ್ತಿ ಅತ್ತಿ ಅಂದ. ನೀ ನಡಿಯಪ್ಪ, ನಮ್ಗೆ ಡೈರೆಕ್ಟ್ ಗಾಡಿ ಅದೆ ಅಂತ ನಾನೇ ಜಂಬ ಕೊಚ್ಕಂಡೆ. ಓಗ್ಲಿ ಬುಡು, ನೀನೇನ್ ಬೇಕೂಂತ ಮಾಡ್ದಾ?” ಬೈದಿದ್ದರೆ ಒಳ್ಳೆಯದಿತ್ತು.

ಕಾಲೇಜಿನವರು ಒಳ್ಳೆಯವರು. ಶನಿವಾರ ನಾಲ್ಕರವರೆಗೆ ಸೀಟು ಹಿಡಿದಿಡುತ್ತೇವೆ, ತಡವಾಗಿದ್ದಕ್ಕೆ ಲಿಖಿತ ಆಧಾರ ತನ್ನಿ, ಆಮೇಲೆ ಅದು ವೇಟಿಂಗ್ ಲಿಸ್ಟಿನ ಮುಂದಿನವರಿಗೆ ಎಂದರು. ನಾನು ಮಾರನೇ ದಿನವೇ ಹೋಗಿ ನನ್ನ ಬ್ಲಾಗಿನ ಪ್ರಿಂಟ್ ತೋರಿಸಿದೆ. “ಬ್ಲಾಗು ಯಾರ್ ಬೇಕಾದ್ರೂ ಬರೀಬೋದಲ್ಲಮ್ಮ” ಎಂದರು ಕ್ಲರ್ಕು. ನಿಮ್ಮ ಮೇಲ್ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ತೀರಾ ಕೆಳಗಿನ ಸಣ್ಣಕ್ಷರವನ್ನು ಜೋರಾಗಿ ಓದಿದರು: ಇದರಲ್ಲಿನ ಮಾಹಿತಿಯ ನಿಖರತೆಗೆ ಸಂಸ್ಥೆ ಜವಾಬ್ದಾರಿಯಲ್ಲ. ಹಾಗಾದರೆ ಇನ್ನಾರು ಜವಾಬ್ದಾರರು ಸ್ವಾಮಿ? ದಪ್ಪಕ್ಷರದಲ್ಲಿ ಆಜ್ಞೆ ಮಾಡಿ ಸಣ್ಣಕ್ಷರದಲ್ಲಿ ಕೈ ತೊಳೆದುಕೊಳ್ಳುವ ವಿದ್ಯೆಗೆ ಎಷ್ಟು ವರ್ಷದ ಕೋರ್ಸು?

ಫೋನಿನಲ್ಲಿ ನಿಮ್ಮ ಸಿಬ್ಬಂದಿ ಬಹಳ ಮೃದುವಾಗಿ ಮಾತಾಡಿದರು. “ಮೇಡಂ, ಅದು ಟೀಸರ್ ಅಷ್ಟೇ. ಲಾಂಚ್ ಪೋಸ್ಟ್‌ಪೋನ್ ಆಗಿದೆ. ಮೀಡಿಯಾಗೆಲ್ಲ ಶನಿವಾರಾನೇ ಇನ್‌ಫಾರ್ಮ್ ಮಾಡಿದ್ವಿ.”

“ನನಗೆ ಬರ್ಲಿಲ್ವಲ್ಲ ಸರ್?”

“ನೀವು ಮೀಡಿಯಾ ಲಿಸ್ಟಲ್ಲಿಲ್ಲ ಮೇಡಂ. ಇನ್‌ಫ್ಲುಯೆನ್ಸರ್ ಲಿಸ್ಟಲ್ಲಿದೀರ.”

ಅದನ್ನೇ ಬರೆದುಕೊಡಿ ಎಂದರೆ, ಮೇಲಿನವರನ್ನು ಕೇಳಬೇಕು ಎಂದರು. ಆ ಮೇಲಿನವರು ನೀವೇ ಇರಬೇಕು.

ನಿಮ್ಮನ್ನು ಬ್ಲಾಕ್ ಮಾಡು ಎಂದು ಸಹನ ಈಗಲೂ ಹೇಳುತ್ತಾಳೆ. ಮಾಡಲಾರೆ. ಚೈತ್ರಳ ಪತ್ರ ಆ ರಾಶಿಯ ನಡುವೆಯೇ ಬರಬೇಕಲ್ಲ! ಹಾಗಾಗಿ ಗಂಟೆಗೊಮ್ಮೆ ನಿಮ್ಮ ಮೇಲ್‌ಗಳನ್ನೆಲ್ಲ ಬಿಡದೆ ಓದುತ್ತಿದ್ದೇನೆ. ಇಂದು ಮಧ್ಯಾಹ್ನ ಬಂದದ್ದು ಬೆಕ್ಕುಗಳ ಪ್ರವಾಸ ವಿಮೆ. ಚೈತ್ರ ದಿನಾ ಸಂಜೆ ಫೋನ್ ಮಾಡಿ “ಅಕ್ಕ, ಲೆಟ್ರು ಬಂತಾ?” ಎನ್ನುತ್ತಾಳೆ. ಇನ್ನೂ ಇಲ್ಲ ಎಂದು ಹೇಳಿ ಮತ್ತೆ ಇನ್‌ಬಾಕ್ಸ್ ತೆರೆಯುತ್ತೇನೆ.

ತಮಗೆ ಬರೆಯುವ ಶ್ರಮವೂ ಬೇಡ. ನಾನೇ ಬರೆದಿದ್ದೇನೆ. ಲೆಟರ್‌ಹೆಡ್ಡಿನ ಮೇಲೆ ಇಳಿಸಿ, ಸಹಿ ಹಾಕಿ ಕಳಿಸಿದರೆ ಸಾಕು:

“ಅರಕೆರೆ–ನಾಗಮಂಗಲ ಮಿನಿಬಸ್ಸು ಸೋಮವಾರ ಬೆಳಿಗ್ಗೆ ಏಳಕ್ಕೆ ಹೊರಡುತ್ತದೆಂದು ಪ್ರಕಟಿಸಲು ತಿಳಿಸಿದವರು ನಾವೇ. ಅದು ಹೊರಡಲಿಲ್ಲ, ಅದನ್ನು ನಂಬಿ ನಿಂತವರ ತಪ್ಪೇನೂ ಇಲ್ಲ.”

ಇಂತಿ,
ನಿಮ್ಮ ಮೇಲ್‌ಗಾಗಿ ಮೊದಲ ಸಲ ಕಾಯುತ್ತಿರುವ
ರಂಜಿತ
ಪ್ರಥಮ ಬಿ.ಎ., ಹೆಣ್ಣುಮಕ್ಕಳ ಹಾಸ್ಟೆಲ್, ಪಾಂಡವಪುರ